ಮುದುಕನೂ ಮುದಿ ಎತ್ತೂ
(ಗೌರಸಮುದ್ರದ ಸೀಮೆಯಿಂದ ತೆಗೆದ ಒಂದು ಪಾಠ)

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವ ಸೀಮೆಯನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅದು ಮಳೆ ಬಡತನದ ನಾಡು. ವರುಷವೆಲ್ಲಾ ಬಿದ್ದ ಮಳೆಯನ್ನು ಕೂಡಿಸಿದರೂ 500 ಮಿಲಿಮೀಟರು ತುಂಬದ ವರುಷಗಳು ಅನೇಕ. ಕಲ್ಲುಗುಡ್ಡಗಳೂ, ಜಾಲಿಯ ಮೆಳೆಗಳೂ, ಶೇಂಗಾ ಬಿತ್ತುವ ಕೆಂಪು ಹೊಲಗಳೂ, ಅವುಗಳ ನಡುವೆ ಕಣ್ಣು ಹೋಗುವ ತನಕ ಹಾಸಿಕೊಂಡಿರುವ ಹುಲ್ಲುಗಾವಲುಗಳೂ ಅಲ್ಲಿಯ ನೋಟವಾಗಿರುತ್ತವೆ. ಗೌರಸಮುದ್ರವೆಂಬ ಊರು ಈ ಸೀಮೆಯೊಳಗಿನದು. ಅಲ್ಲಿ ನಡೆಯುವ ಮಾರಮ್ಮನ ಜಾತ್ರೆಯ ನಿಮಿತ್ತ ಅದರ ಹೆಸರನ್ನು ದೂರದವರು ಕೂಡ ಬಲ್ಲರು. ನಾವು ಈ ತಿಂಗಳು ಹೇಳಬೇಕೆಂದಿರುವದು ಜಾತ್ರೆಯ ವಿಷಯವಲ್ಲ. ಜಾತ್ರೆಯ ಗದ್ದಲವೆಲ್ಲಾ ಇಳಿದ ಮೇಲೆ ವರುಷದ ಮಿಕ್ಕ ದಿವಸಗಳಲ್ಲಿ ಆ ಬಯಲಿನಲ್ಲಿ ಕಾಣಬರುವ ಸದ್ದಿಲ್ಲದ ಒಂದು ಸಂಗತಿಯ ವಿಷಯವಾಗಿದೆ.

ಕಳೆದ ಏಪ್ರಿಲ್ ತಿಂಗಳ ಕಡೆಯಲ್ಲಿ ಆ ದಾರಿಯಾಗಿ ಹೋಗುತ್ತಿರುವಾಗ, ಬಿಸಿಲಿಗೆ ತಾಳಲಾರದೆ ಒಂದು ಹುಣಸೇಮರದ ಕೆಳಗೆ ಕೂತುಕೊಂಡೆವು. ನಮಗಿಂತ ಮುಂಚೆಯೇ ಅಲ್ಲಿ ಮೂವರು ಇದ್ದರು. ಒಬ್ಬನು ಎಪ್ಪತ್ತೈದಕ್ಕೆ ಕಡಿಮೆಯಿಲ್ಲದ ಮುದುಕನು. ಕರೀ ಕಂಬಳಿಯನ್ನು ಮಡಿಸಿ ಹಾಸಿಕೊಂಡು ಬೇರಿಗೆ ಒರಗಿದ್ದನು. ಎರಡನೆಯದು ಬೆನ್ನೆಲುಬು ಎದ್ದು ಕಾಣುತ್ತಿದ್ದ ಒಂದು ಕೆಂದೆತ್ತು. ಅದು ಮುದುಕನ ಕಾಲುಗಳ ಹತ್ತಿರವೇ ಮಲಗಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಮೂರನೆಯದು ಒಂದು ಕಿವಿ ಹರಿದ ನಾಯಿ. ಅದು ನಮ್ಮನ್ನು ನೋಡಿ ಒಂದು ಸಾರಿ ಗುರುಗುಟ್ಟಿ, ಯಜಮಾನನು ಸುಮ್ಮನಿರುವದನ್ನು ಕಂಡು ತಾನೂ ಸುಮ್ಮನಾಯಿತು. ಎತ್ತಿಗೆ ಹಗ್ಗವಿದ್ದರೂ ಅದನ್ನು ಯಾವದಕ್ಕೂ ಕಟ್ಟಿರಲಿಲ್ಲ. ಹಗ್ಗದ ತುದಿಯು ನೆಲದ ಮೇಲೆ ಬಿದ್ದಿತ್ತು.

ನಾವು ಮುದುಕನ ಸಂಗಡ ಮಾತಾಡುತ್ತಾ, “ಯಜಮಾನರೇ, ಎತ್ತಿಗೆ ವಯಸ್ಸೆಷ್ಟು?” ಎಂದು ಕೇಳಿದೆವು. ಅದಕ್ಕವನು, “ಎರಡು ಹಲ್ಲಿನ ಕರುವಾಗಿದ್ದಾಗ ಜೋಡಿಯಾಗಿ ತಂದೆ ಸ್ವಾಮೀ, ಹದಿನಾಲ್ಕು ವರ್ಷವಾಯಿತು. ಇದರ ಜೊತೆಯದು ಹೋಗಿ ನಾಲ್ಕು ವರ್ಷ” ಅಂದನು. ಕರು ಎರಡು ಹಲ್ಲಾಗುವದು ಸುಮಾರು ಎರಡು ವರುಷ ತುಂಬಿದಾಗ. ನಾಲ್ಕೈದು ವರುಷಕ್ಕೆ ಎಂಟು ಹಲ್ಲೂ ಬಂದು ಬಾಯಿಗೂಡುತ್ತದೆ. ಈ ಲೆಕ್ಕದಂತೆ ಕೆಂದನಿಗೆ ಹದಿನಾರು ವರುಷ. ದನಕ್ಕೆ ಇದು ಮುಪ್ಪಿನ ವಯಸ್ಸೇ ಸರಿ. ನೊಗಕ್ಕೆ ಹೂಡುವದನ್ನು ಬಿಟ್ಟು ನಾಲ್ಕು ವರುಷವಾಯಿತೆಂದೂ, ಈಗ ಮಗನು ಬಾಡಿಗೆಯ ಟ್ರ್ಯಾಕ್ಟರಿನಿಂದ ಹೊಲ ಉಳಿಸುತ್ತಾನೆಂದೂ, ತಾನು ಬೆಳಿಗ್ಗೆ ಗಂಜಿ ಕುಡಿದು ಈ ಇಬ್ಬರನ್ನೂ ಕರಕೊಂಡು ಬಯಲಿಗೆ ಬಂದರೆ ಹೊತ್ತು ಇಳಿದ ಮೇಲೆ ಮನೆಗೆ ಹೋಗುವದೆಂದೂ ಹೇಳಿದನು. “ಮನೆಯಲ್ಲಿ ಯಾರ ಸಂಗಡ ಮಾತಾಡಲಿ? ಅವರವರ ಕೆಲಸ ಅವರವರಿಗೆ. ಇವಾದರೆ ಮಾತು ಕೇಳುವದೂ ಇಲ್ಲ, ಆಡುವದೂ ಇಲ್ಲ. ಜೊತೆಗಿರುತ್ತವೆ” ಎಂದನು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನು ಎತ್ತನ್ನು ಮಾರಬೇಕೆಂದಿದ್ದಾನೆಂಬ ಸಂಗತಿಯನ್ನು ಹೇಳಿದನು. ಇದನ್ನು ಹೇಳುವಾಗ ಅವನು ನಮ್ಮನ್ನು ನೋಡಲಿಲ್ಲ. ಕೈಯನ್ನು ಮಾತ್ರ ಎತ್ತಿನ ಗಂಗೆದೊಗಲಿನ ಮೇಲೆ ಆಡಿಸುತ್ತಿದ್ದನು. ಅದು ಕುತ್ತಿಗೆಯನ್ನು ಮುಂದಕ್ಕೆ ಚಾಚಿ ಗಲ್ಲವನ್ನು ನೆಲಕ್ಕೆ ಊರಿತು.

ನಮ್ಮ ವಾಚಕರಲ್ಲಿ ಕೆಲವರು, ಇದರಲ್ಲಿ ಪಾಠವೇನಿದೆ, ಮುದುಕರೂ ಮುದಿ ದನಗಳೂ ಎಲ್ಲಾ ಊರುಗಳಲ್ಲಿ ಇವೆಯಲ್ಲಾ ಎಂದು ಹೇಳಬಹುದು. ಹೌದು, ಎಲ್ಲಾ ಊರುಗಳಲ್ಲಿಯೂ ಇವೆ. ಆದಕಾರಣವೇ ಇದನ್ನು ಕುರಿತು ಯೋಚಿಸುವದು ಅವಶ್ಯ. ಯಾಕಂದರೆ ಇಂಥ ಮುದುಕನು ನಮ್ಮ ನಿಮ್ಮ ಮನೆಯಲ್ಲಿಯೇ ಇರಬಹುದು, ಮಾರಬೇಕೆಂದಿರುವ ಮಗನು ನಾವೇ ಆಗಿರಬಹುದು.

ಮೊದಲು, ಮನುಷ್ಯನಿಗೂ ಮೃಗಕ್ಕೂ ಈ ಬಗೆಯ ಜೊತೆ ಎಂದಿನಿಂದ ಉಂಟಾಯಿತೆಂಬದನ್ನು ಕೊಂಚ ನೋಡೋಣ. ಜರ್ಮನಿ ದೇಶದ ಬಾನ್ ಪಟ್ಟಣದ ಸಮೀಪದಲ್ಲಿ 1914ರಲ್ಲಿ ಕಲ್ಲು ತೆಗೆಯುವವರಿಗೆ ಒಂದು ಹಳೇ ಸಮಾಧಿಯು ಸಿಕ್ಕಿತು. ಅದರೊಳಗೆ ಒಬ್ಬ ಗಂಡಸೂ ಒಬ್ಬ ಹೆಂಗಸೂ ಅವರ ಸಂಗಡ ಒಂದು ನಾಯಿಯೂ ಹೂಳಲ್ಪಟ್ಟಿದ್ದವು. ಅದು ಸುಮಾರು ಹದಿನಾಲ್ಕು ಸಾವಿರ ವರುಷದ ಹಿಂದಿನದೆಂದು ಪಂಡಿತರು ಗೊತ್ತುಮಾಡಿದ್ದಾರೆ. ಆ ನಾಯಿಯ ಹಲ್ಲುಗಳನ್ನು ಈಚೆಗೆ ಪರೀಕ್ಷಿಸಿದವರು, ಅದು ಇನ್ನೂ ಮರಿಯಾಗಿರುವಾಗ ಕಠಿಣವಾದ ರೋಗದಲ್ಲಿ ಬಿದ್ದು ವಾರಗಟ್ಟಲೆ ನರಳಿತೆಂದೂ, ಮನುಷ್ಯರ ಆರೈಕೆಯಿಲ್ಲದಿದ್ದರೆ ಅಷ್ಟು ದಿವಸ ಬದುಕುತ್ತಿರಲಿಲ್ಲವೆಂದೂ ಹೇಳುತ್ತಾರೆ. ರೋಗದ ನಾಯಿಮರಿಯಿಂದ ಆ ಕಾಲದವರಿಗೆ ಬೇಟೆಯಾಗಲಿ ಕಾವಲಾಗಲಿ ಸಿಕ್ಕಿರಲಾರದು.

ಅಷ್ಟು ದೂರ ಹೋಗುವದೂ ಬೇಡ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಎಂಬ ಪಂಡಿತರು ನೆಲವನ್ನು ಅಗೆಸಿದಾಗ, ಕಬ್ಬಿಣವನ್ನು ಅರಿಯದೆ ಕಲ್ಲಿನ ಕೊಡಲಿಗಳಿಂದಲೇ ಜೀವಿಸಿದ ಜನರ ಗುರುತುಗಳು ದೊರೆತವು. ಅಂಥ ಜನರು ದನಗಾರರಾಗಿದ್ದರೆಂಬದಕ್ಕೆ ಬಳ್ಳಾರಿಯ ಕಡೆಯಲ್ಲಿರುವ ಬೂದಿಗುಡ್ಡಗಳೇ ಸಾಕ್ಷಿ. ಅವು ದೊಡ್ಡಿಗಳಲ್ಲಿ ಒಟ್ಟಿದ ಸಗಣಿಯನ್ನು ಸುಟ್ಟದ್ದರಿಂದ ಆದವುಗಳೆಂದು ತಿಳಿದಿದೆ. ಹೀಗಿರಲಾಗಿ ಈ ಸೀಮೆಯ ಮುದುಕನು ದನದ ಪಕ್ಕದಲ್ಲಿ ಕೂತುಕೊಂಡು ಹೊತ್ತು ಕಳೆಯುವದು ನಾಲ್ಕು ಸಾವಿರ ವರುಷಗಳ ಹಳೇ ಬಳಕೆ.

ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆಯೂ, ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವುಗಳನ್ನು 1892ರಲ್ಲಿ ಮೈಸೂರು ಸಂಸ್ಥಾನದ ಶಾಸನಾಧಿಕಾರಿಯಾಗಿದ್ದ ರೈಸ್ ದೊರೆಗಳು ಬೆಳಕಿಗೆ ತಂದರು. ಪ್ರಾಕೃತ ಭಾಷೆಯಲ್ಲಿ ಬ್ರಾಹ್ಮೀ ಲಿಪಿಯಿಂದ ಬರೆದ ಈ ಶಾಸನವನ್ನು ಕೊರೆದ ಚಪಡನೆಂಬ ಬರಹಗಾರನು, ತನ್ನ ಉದ್ಯೋಗದ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದು ಹೋಗಿದ್ದಾನೆ. ತನ್ನ ಊರು ಅವನ ನೆನಪಿಗೆ ಬಂದಿತೋ, ತನ್ನ ಪಾಂಡಿತ್ಯವನ್ನು ತೋರಿಸಬೇಕೆಂದಿದ್ದನೋ, ಯಾರು ಬಲ್ಲರು! ನಮ್ಮ ಪಾಠಕ್ಕೆ ಬೇಕಾದ ಸಂಗತಿಯು ಬೇರೆ. ತಂದೆತಾಯಿಗಳಿಗೂ ಹಿರಿಯರಿಗೂ ವಿಧೇಯರಾಗಿರಬೇಕೆಂದು ಹೇಳಿದ ಕೂಡಲೆ, ಪ್ರಾಣಿಗಳ ಮೇಲೆ ದಯೆಯು ದೃಢವಾಗಿರಬೇಕೆಂದು ಆ ಶಾಸನವು ಹೇಳುತ್ತದೆ, ಆಮೇಲೆ ಸತ್ಯವನ್ನಾಡಬೇಕೆಂಬದು. ಮುದುಕನನ್ನೂ ಮೂಕಪ್ರಾಣಿಯನ್ನೂ ಒಂದೇ ಉಸುರಿನಲ್ಲಿ ಹೇಳಿದ ಮಾತು ಇಪ್ಪತ್ತೆರಡು ಶತಮಾನಗಳಿಗಿಂತ ಹೆಚ್ಚಾಗಿ ಈ ತಾಲ್ಲೂಕಿನ ಬಂಡೆಯ ಮೇಲೆ ಇದೆ.

ಇನ್ನು ಈ ಸೀಮೆಯ ನೆರೆಹೊರೆಯವರ ವಿಷಯ. ಚಳ್ಳಕೆರೆ ಮೊಳಕಾಲ್ಮೂರುಗಳ ಮ್ಯಾಸನಾಯಕರು ದೇವರ ಎತ್ತುಗಳೆಂಬ ಹಿಂಡುಗಳನ್ನು ಸಾಕುವರೆಂಬದು ನಿಮಗೆ ಗೊತ್ತು. ಆ ದನಗಳನ್ನು ನೊಗಕ್ಕೆ ಹೂಡುವದಿಲ್ಲ, ಸಂತೆಗೆ ಹೊಡೆಯುವದಿಲ್ಲ. ಸತ್ತರೆ ಮರ್ಯಾದೆಯಿಂದ ಹೂಳುತ್ತಾರೆ. ಅವುಗಳನ್ನು ಕಾಯುವವರಿಗೆ ಕಿಲಾರಿಗಳೆಂದು ಹೆಸರು. ಕಿಲಾರಿಯು ಮಳೆಯಲ್ಲಿಯೂ ಚಳಿಯಲ್ಲಿಯೂ ಹಿಂಡಿನ ಸಂಗಡವೇ ಇರುವನು. ಒಂದೊಂದನ್ನೂ ಅದರ ಗುಣದಿಂದ ಬಲ್ಲನು. ಬರಗಾಲ ಬಂದಾಗ ಈ ಹಿಂಡುಗಳಿಗೆ ಮೇವಿಲ್ಲದೆ ಕಿಲಾರಿಗಳು ಪಡುವ ಪಾಡನ್ನು ವರ್ತಮಾನ ಪತ್ರಿಕೆಗಳಲ್ಲಿ ಅನೇಕ ಸಾರಿ ಓದಿದ್ದೇವೆ. ಹಾಗೆಯೇ ಕಾಡುಗೊಲ್ಲರು ತಮ್ಮ ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದವಾದ ಬಿದಿರಿನ ಕೊಳಲನ್ನು ಊದುತ್ತಾ ಹಾಡುವರು. ಜುಂಜಪ್ಪನ ಹೆಸರು ಬಂದಲ್ಲಿ ಅವನ ಹೋರಿಯಾದ ಬಡಮೈಲನ ಹೆಸರೂ ಬಾರದೆ ಇರದು. ವೀರನ ಜೊತೆಗಾರನು ಒಂದು ದನವೆಂಬದರಲ್ಲಿ ಹಾಡುವವರಿಗೆ ಯಾವ ವಿಚಿತ್ರವೂ ಕಾಣುವದಿಲ್ಲ.

ಇಲ್ಲಿ ನಾವು ಒಂದು ಮಾತನ್ನು ಬಿಚ್ಚಿ ಹೇಳಬೇಕು. ನಮ್ಮ ಸಭೆಗಳಲ್ಲಿ ಕೆಲವರ ತಂದೆತಾತಂದಿರು ಇಂಥ ಹಟ್ಟಿಗಳಿಂದಲೇ ಬಂದವರು. ದನದ ಪೂಜೆಯನ್ನು ಬಿಟ್ಟವರಲ್ಲಿ ಒಬ್ಬೊಬ್ಬರು, ದನವು ಕೇವಲ ದುಡ್ಡಿನ ಸಾಮಾನು, ಅದರ ಮೇಲೆ ಮಮತೆಯಿಟ್ಟರೆ ಹಿಂದಿನದಕ್ಕೆ ತಿರುಗಿದಂತಾಗುವದು ಎಂದು ಭಾವಿಸುವದನ್ನು ಕಂಡಿದ್ದೇವೆ. ಇದು ತಪ್ಪು ಎಣಿಕೆ. ಸತ್ಯವೇದದಲ್ಲಿ ಪ್ರವಾದಿಯಾದ ನಾತಾನನು ದಾವೀದನ ಕಣ್ಣು ತೆರೆಸುವದಕ್ಕೆ ಹೇಳಿದ ಕಥೆ ಯಾವದು? ಬಡವನೊಬ್ಬನು ಕೊಂಡು ಸಾಕಿ, ತನ್ನ ತುತ್ತಿನಲ್ಲಿ ಪಾಲು ಕೊಟ್ಟು, ಮಗಳಂತೆ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದ ಹೆಣ್ಣು ಕುರಿಮರಿಯ ಕಥೆ. ಅರಸನಿಗೆ ಸಿಟ್ಟು ಬಂದದ್ದು ಕುರಿಯ ಕ್ರಯವನ್ನು ಎಣಿಸಿಯಲ್ಲ. ಆ ಬಡವನಿಗೆ ಅದು ಏನಾಗಿತ್ತೆಂಬದು, ಕುರಿಗಳನ್ನು ಕಾದು ಬೆಳೆದ ದಾವೀದನಿಗೆ ಒಂದೇ ಮಾತಿನಲ್ಲಿ ತಿಳಿಯಿತು.

ಪಂಡಿತರ ಪರೀಕ್ಷೆಗಳೂ ಈ ವಿಷಯದಲ್ಲಿ ನಮ್ಮ ಮುದುಕನ ಪಕ್ಷದಲ್ಲಿಯೇ ಇವೆ. ದನಗಳು ತಮ್ಮನ್ನು ಸಾಕಿದವರನ್ನು ಬೇರೆಯವರಿಂದ ಗುರುತಿಸಬಲ್ಲವು. ಅವುಗಳ ಕುತ್ತಿಗೆಯ ಕೆಳಭಾಗವನ್ನು ಸವರಿದರೆ ಎದೆಯ ಬಡಿತವು ನಿಧಾನವಾಗುತ್ತದೆ. ಮುದುಕನ ಕೈ ಗಂಗೆದೊಗಲನ್ನೇ ಹುಡುಕಿಕೊಂಡು ಹೋದದ್ದು ಯಾವ ಪುಸ್ತಕವನ್ನು ಓದಿಯೂ ಅಲ್ಲ. ಜಪಾನ್ ದೇಶದ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ್ದೇನಂದರೆ, ನಾಯಿಯೂ ಅದರ ಯಜಮಾನನೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಇದ್ದರೆ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸವು ಹೆಚ್ಚುತ್ತದೆ. ತಾಯಿಯು ಕೂಸನ್ನು ನೋಡುವಾಗ ಹೆಚ್ಚುವ ರಸವೂ ಅದೇ.

ಆದರೆ ಮಗನ ಮಾತಿನಲ್ಲಿಯೂ ನ್ಯಾಯವಿದೆ, ಅದನ್ನು ತೂಗಿ ನೋಡದೆ ಅವನನ್ನು ಕಠಿಣನೆನ್ನಬಾರದು. 350 ಕಿಲೋ ತೂಗುವ ಎತ್ತಿಗೆ ದಿನಕ್ಕೆ ಕಡಿಮೆಯೆಂದರೂ ಏಳು ಕಿಲೋ ಒಣಮೇವು ಬೇಕು. ವರುಷಕ್ಕೆ ಅದು ಎರಡೂವರೆ ಟನ್ನು ಮೀರುತ್ತದೆ. ಬೇಸಿಗೆಯಲ್ಲಿ ನೀರು ಮೂವತ್ತು ನಲವತ್ತು ಲೀಟರು. ಶೇಂಗಾ ಕೈಕೊಟ್ಟ ವರುಷದಲ್ಲಿ ಹೊಟ್ಟೂ ಇಲ್ಲ, ಸಪ್ಪೆಯೂ ಇಲ್ಲ, ಕೊಂಡು ಹಾಕಬೇಕು. ಮುಂಚೆ ಈ ತೊಂದರೆ ಇಷ್ಟಿರಲಿಲ್ಲ, ಯಾಕಂದರೆ ಕಾವಲುಗಳಿದ್ದವು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಕರೆಯಲ್ಪಟ್ಟು, ಟಿಪ್ಪು ಸುಲ್ತಾನನ ಕಾಲದಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆದ ಸರಕಾರೀ ದನಗಳಿಗೋಸ್ಕರ ಈ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಸುತ್ತಲ ಹಳ್ಳಿಯವರ ಕುರಿದನಗಳೂ ಅಲ್ಲಿಯೇ ಮೇದು ಬದುಕಿದವು. ಚಳ್ಳಕೆರೆ ತಾಲ್ಲೂಕಿನಲ್ಲಿ 2008ರಿಂದ 2010ರ ವರೆಗೆ ಸುಮಾರು ಒಂಬತ್ತು ಹತ್ತು ಸಾವಿರ ಎಕರೆ ಕಾವಲನ್ನು ವಿಜ್ಞಾನದ, ದೇಶರಕ್ಷಣೆಯ ಮತ್ತು ಅಣುಶಕ್ತಿಯ ಸಂಸ್ಥೆಗಳಿಗೆ ಕೊಡಲಾಯಿತು. ಗೋಡೆಗಳು ಎದ್ದವು. ಹಳ್ಳಿಯವರು ಮೊರೆಯಿಟ್ಟದ್ದರಿಂದ 2013ರಲ್ಲಿ ಹಸಿರು ನ್ಯಾಯಮಂಡಳಿಯು ಸ್ಥಳಪರೀಕ್ಷೆಗೆ ಜನರನ್ನು ಕಳುಹಿಸಿತು. ಆ ಸಂಸ್ಥೆಗಳಿಂದ ದೇಶಕ್ಕಾಗುವ ಪ್ರಯೋಜನವನ್ನು ನಾವು ಅಲ್ಲಗಳೆಯುವದಿಲ್ಲ. ಆದರೂ ಗೋಡೆಯನ್ನು ಸುತ್ತಿಕೊಂಡು ಹೋಗಬೇಕಾದ ಮುದುಕನ ಕಾಲುಗಳ ನೋವನ್ನು ನಕ್ಷೆ ಬರೆದವರು ಎಣಿಸಿರಲಾರರು. ಹುಲ್ಲು ಕಡಿಮೆಯಾದಲ್ಲಿ ಮೊದಲು ಮಾರಾಟವಾಗುವದು ಮುದಿ ದನವೇ.

ಹೀಗಿರುವದರಿಂದ ಮನೆಯವರು ಲೆಕ್ಕ ಹಾಕುವಾಗ, ಎತ್ತಿನ ಖರ್ಚನ್ನು ಒಂದು ಕಡೆ ಬರೆದರೆ ಮುದುಕನ ದಿವಸವನ್ನು ಇನ್ನೊಂದು ಕಡೆ ಬರೆಯಬೇಕೆಂದು ನಾವು ಹೇಳುತ್ತೇವೆ. ಬೆಳಿಗ್ಗೆ ಏಳುವದಕ್ಕೆ ಅವನಿಗೆ ಕಾರಣವಾಗಿರುವದು ಅದು. ದಿನಕ್ಕೆ ಎರಡು ಮೂರು ಮೈಲು ನಡೆಸುವದು ಅದು. ಅದನ್ನು ಸಂತೆಗೆ ಹೊಡೆದ ಮೇಲೆ ಜಗಲಿಯ ಮೇಲೆ ಕೂತುಬಿಟ್ಟು, ಊಟ ಬೇಡವೆಂದು ಹೇಳಿ, ಆರು ತಿಂಗಳೊಳಗೆ ಹಾಸಿಗೆ ಹಿಡಿದ ಹಿರಿಯರನ್ನು ನಾವು ಕಂಡಿದ್ದೇವೆ. ಎತ್ತಿನಿಂದಲೇ ಹಾಗಾಯಿತೆಂದು ನಾವು ಹೇಳಲಾರೆವು, ಮನೆಯವರೂ ಹೇಳಲಿಲ್ಲ. ಆದರೆ ಬರಿದಾದ ಗೋದಲಿಯ ಕಡೆ ಅವರು ನೋಡುತ್ತಿದ್ದ ನೋಟವು ನಮಗೆ ಮರೆಯದು.

ಸಾಕುವದಾದರೆ ಸರಿಯಾಗಿ ಸಾಕಬೇಕು. ಮುದಿ ಎತ್ತಿನ ಹಲ್ಲು ಸವೆದಿರುವದರಿಂದ ಉದ್ದ ಸಪ್ಪೆಯನ್ನು ಅಗಿಯಲಾರದೆ ಬಿಡುತ್ತದೆ. ಮೇವಿದ್ದೂ ಬಡವಾಗುವದು ಇದರಿಂದಲೇ. ಸಪ್ಪೆಯನ್ನು ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿ ಹಾಕಬೇಕು, ಶೇಂಗಾ ಹಿಂಡಿಯನ್ನು ಸ್ವಲ್ಪವೇ ಆದರೂ ನೆನೆಸಿ ಕೊಡಬೇಕು. ಉಣ್ಣಿಗಳನ್ನು ವಾರಕ್ಕೊಂದಾವರ್ತಿ ನೋಡಿ ತೆಗೆಯಬೇಕು. ಕಲ್ಲುನೆಲದ ಮೇಲೆ ಮಲಗಿಸಿದರೆ ಮೊಣಕಾಲು ಹುಣ್ಣಾಗುತ್ತದೆ. ಒಣಗಿದ ಮಣ್ಣನ್ನೋ ಕಸಕಡ್ಡಿಯನ್ನೋ ಹಾಸಿದರೆ ಸಾಕು.

ನಾಯಿಯ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಮುದುಕರಿಗೆ ಜೊತೆಯಾಗಿರುವ ನಾಯಿಯು ಬಯಲೆಲ್ಲಾ ತಿರುಗುವದು, ಬೇರೆ ನಾಯಿಗಳ ಸಂಗಡ ಕಚ್ಚಾಡುವದು. ಅದಕ್ಕೆ ಹುಚ್ಚುರೋಗ ತಗಲಿದರೆ ಮೊದಲು ಅಪಾಯವಾಗುವದು ಅದನ್ನು ಪ್ರೀತಿಸುವವರಿಗೇ. ಈ ರೋಗದ ಲಕ್ಷಣಗಳು ಮನುಷ್ಯನಲ್ಲಿ ತೋರಿದ ಮೇಲೆ ಬದುಕುವದು ಇಲ್ಲವೆಂದೇ ಹೇಳಬೇಕು. ಲಕ್ಷಣ ತೋರುವದಕ್ಕೆ ಮುಂಚೆ ಚುಚ್ಚುಮದ್ದು ತೆಗೆದುಕೊಂಡರೆ ತಪ್ಪಿಸಿಕೊಳ್ಳಬಹುದು. ಆದಕಾರಣ ನಾಯಿಗೆ ವರುಷಕ್ಕೊಂದು ಸಾರಿ ಪಶುವೈದ್ಯರಿಂದ ಚುಚ್ಚುಮದ್ದು ಹಾಕಿಸಿರಿ. ಯಾರಿಗಾದರೂ ಕಚ್ಚಿದರೆ, ಸ್ವಂತ ನಾಯಿಯೇ ಆದರೂ, ಗಾಯವನ್ನು ಕೂಡಲೆ ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಸೊಪ್ಪಿನ ರಸ ಇವು ಯಾವದನ್ನೂ ಹಚ್ಚಬೇಡಿರಿ. ಅದೇ ದಿವಸ ಆಸ್ಪತ್ರೆಗೆ ಹೋಗಿರಿ. ಹೇಳಿದ ದಿವಸಗಳಲ್ಲಿ ಎಲ್ಲಾ ಚುಚ್ಚುಮದ್ದುಗಳನ್ನೂ ಮುಗಿಸಿರಿ. ಎರಡು ತೆಗೆದುಕೊಂಡು, ಗಾಯ ಮಾಯಿತಲ್ಲಾ ಎಂದು ಬಿಟ್ಟುಬಿಡುವವರು ನಮ್ಮಲ್ಲಿ ಬಹಳ.

ಯಜಮಾನನು ತೀರಿಹೋದ ಮೇಲೆ ಪ್ರಾಣಿಯ ಗತಿಯೇನೆಂಬದನ್ನೂ ಮನೆಯವರು ಮುಂಚೆಯೇ ಮಾತಾಡಿಕೊಳ್ಳಬೇಕು. ಇದನ್ನು ಮುದುಕರ ಎದುರಿಗೆ ಆಡಲು ನಾಚುವರು. ಆಡುವದೇ ಒಳ್ಳೇದು, ಅನೇಕ ಹಿರಿಯರಿಗೆ ರಾತ್ರಿ ನಿದ್ರೆ ಬಾರದಿರುವದು ಇದೇ ಚಿಂತೆಯಿಂದ. ಮೊಮ್ಮಗನೋ ಮೊಮ್ಮಗಳೋ ಈಗಿನಿಂದಲೇ ಅಜ್ಜನ ಸಂಗಡ ಮೇವು ಹಾಕಿ ಕೈ ಗುರುತು ಮಾಡಿಸಿಕೊಂಡರೆ ಪ್ರಾಣಿಯು ಅವರಿಗೆ ಒಗ್ಗುತ್ತದೆ.

ಆಗಸ್ಟಿನಲ್ಲಿ ನಾವು ತಿರಿಗಿ ಅದೇ ದಾರಿಯಾಗಿ ಹೋಗಬೇಕಾಯಿತು. ಒಂದೆರಡು ಹದವಾದ ಮಳೆ ಬಿದ್ದು ಬಯಲು ಹಸುರಾಗಿತ್ತು, ಶೇಂಗಾ ಹೂವಾಗಿತ್ತು. ಹುಣಸೇಮರದ ಕೆಳಗೆ ಯಾರೂ ಇರಲಿಲ್ಲವಾದದರಿಂದ ನಮಗೆ ಸ್ವಲ್ಪ ಗಾಬರಿಯಾಗಿ, ಊರೊಳಗೆ ಹೋಗಿ ವಿಚಾರಿಸಿದೆವು. ಮಗನೇ ಸಿಕ್ಕಿದನು. ಅವನು ನಗುತ್ತಾ, “ಶೇಂಗಾ ಕೀಳುವ ತನಕ ಇರಲಿ ಎಂದು ಬಿಟ್ಟಿದ್ದೇನೆ ಸ್ವಾಮೀ. ಹೊಟ್ಟು ಬಂದರೆ ಆಮೇಲೆ ನೋಡೋಣ” ಅಂದನು. ಕೊಟ್ಟಿಗೆಯ ಮೂಲೆಯಲ್ಲಿ ಮೇವು ಕತ್ತರಿಸುವ ಹೊಸ ಕತ್ತಿಯೊಂದು ಇತ್ತು. ಅವನ ಮಗಳು, ಹತ್ತು ವರುಷದ ಹುಡುಗಿ, ನಮ್ಮನ್ನು ಕೆರೆಯ ಹಿಂದಣ ಬಯಲಿಗೆ ಕರಕೊಂಡು ಹೋದಳು. ಹತ್ತಿರದಲ್ಲಿಯೇ ಹುಲ್ಲು ಬಂದಿದ್ದರಿಂದ ಮುದುಕನು ದೂರ ಹೋಗದೆ ಅಲ್ಲಿಯೇ ಕಲ್ಲಿನ ಮೇಲೆ ಕೂತಿದ್ದನು. ನಾಯಿಯು ಈ ಸಾರಿ ಗುರುಗುಟ್ಟಲಿಲ್ಲ. ಕೆಂದನು ತಲೆಯೆತ್ತಿ ಹುಡುಗಿಯನ್ನು ನೋಡಿ, ಎರಡು ಹೆಜ್ಜೆ ಅವಳ ಕಡೆಗೆ ಬಂದು, ಅವಳ ಲಂಗದ ಮಡಿಲಲ್ಲಿ ಏನಿದೆಯೆಂದು ಮೂಸಿತು.